ಸೇತುವೆಯ ಮೇಲಿನ ಸಸಿಮಡಿ

ಕಲ್ಲೂರಿನಿಂದ ಸಿರವಾರದ ಕಡೆ ಹೋಗುವ ಅಡ್ಡದಾರಿಯಲ್ಲಿ ಕಾಲುವೆಗೊಂದು ಸಣ್ಣ ಸೇತುವೆ ಇದೆ. ಈಗ ಟ್ರ್ಯಾಕ್ಟರಿನ ಬಾನೆಟ್ ಮೇಲೆ ತುಂಬಿದ ಚಹಾದ ಲೋಟ ಇಟ್ಟುಕೊಂಡು ದಾಟಿದರೂ ಒಂದು ಹನಿ ಚೆಲ್ಲುವುದಿಲ್ಲ. ಮೊದಲು ಹಾಗಿರಲಿಲ್ಲ. ಅದರ ಗುಂಡಿಯಲ್ಲಿ ಸಿಕ್ಕಿಬಿದ್ದ ಒಂದು ಟ್ರ್ಯಾಕ್ಟರನ್ನು ಎಳೆದು ತೆಗೆಯುವಷ್ಟರಲ್ಲಿ ಡ್ರೈವರನ ಮಗ ದೊಡ್ಡವನಾಗಿ, ಲೈಸೆನ್ಸ್ ಮಾಡಿಸಿಕೊಂಡು ಬಂದು, ತಾನೇ ಓಡಿಸಿಕೊಂಡು ಹೋದ. ಕಾಂಕ್ರೀಟು ಉದುರಿ ಒಳಗಿನ ಕಬ್ಬಿಣದ ಸರಳುಗಳು ನನ್ನ ಪಕ್ಕೆಲುಬಿನ ಹಾಗೆ ಎದ್ದು ಕಾಣುತ್ತಿದ್ದವು. ಇದರಲ್ಲಿ ಮಾತ್ರ ಉತ್ಪ್ರೇಕ್ಷೆ ಇಲ್ಲ, ಬೇಕಾದರೆ ಅಂಗಿ ಬಿಚ್ಚಿ ತೋರಿಸುತ್ತೇನೆ.

ಆ ಸೇತುವೆಗೆ ಮರಳಿ ಜೀವ ಕೊಟ್ಟವಳು ಮಾನ್ವಿಯ ಮೌನೇಶ್ವರಿ. ತಂದೆತಾಯಿ ಆ ಹೆಸರಿಡುವಾಗ ಕೂಸು ಇನ್ನೂ ಬಾಯಿ ತೆರೆದಿರಲಿಲ್ಲ ಎಂದು ಕಾಣುತ್ತದೆ. ಆಕೆ ಮಾನ್ವಿಯಲ್ಲಿ ನಿಂತು "ಹೋಯ್" ಎಂದರೆ ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಹೊರಟ ಬಸ್ಸು ಗಕ್ಕನೆ ನಿಲ್ಲುತ್ತದೆ.

ಹುಟ್ಟಿದ್ದು ದೇವದುರ್ಗದ ಒಂದು ಕೂಲಿಯವರ ಮನೆಯಲ್ಲಿ. ಮದುವೆಯಾಗಿ ಮಾನ್ವಿಗೆ ಬಂದ ಮೇಲೆ ದಿನಾ ಮುಂಜಾನೆಯ ಬಸ್ಸಿಗೆ ರಾಯಚೂರಿಗೆ ಹೋಗಿ, ಸೋರುವ ಛಾವಣಿ, ಬಿರುಕು ಬಿಟ್ಟ ನೀರಿನ ಟ್ಯಾಂಕು ರಿಪೇರಿ ಮಾಡುವ ತಂಡದಲ್ಲಿ ಬುಟ್ಟಿ ಹೊತ್ತಳು. ಹೊತ್ತುಕೊಂಡೇ ಕಣ್ಣಲ್ಲಿ ಕೆಲಸ ಕದ್ದಳು. ಮುಂದೆ ಕೈಗೆ ಸುತ್ತಿಗೆ ಬಂತು, ಆಮೇಲೆ ಗಾರೆ ಬಳಿಯುವ ಕರಣಿ. ಕರಣಿ ಹಿಡಿದ ದಿನ ತಂಡದ ಗಂಡಸರು ಬಿದ್ದು ಬಿದ್ದು ನಕ್ಕರು. ಆದರೆ ಆಕೆ ತೇಪೆ ಹಾಕಿದ ಛಾವಣಿಯ ಕೆಳಗೆ ಮಲಗಿದ ಮನೆ ಯಜಮಾನನಿಗೆ ಮಳೆಗಾಲ ಬಂದು ಹೋದದ್ದೇ ತಿಳಿಯದೆ, ದಸರೆಯ ಹೊತ್ತಿಗೆ "ಈ ಸಲ ಮುಂಗಾರು ಯಾವಾಗ?" ಎಂದು ಕೇಳಿದ ಮೇಲೆ ನಗು ನಿಂತಿತು.

ಕಲ್ಲೂರಿನ ಸೇತುವೆ ಆಕೆ ತನ್ನ ಹೆಸರಿನಲ್ಲೇ ಹಿಡಿದ ಮೊಟ್ಟಮೊದಲ ಗುತ್ತಿಗೆ. ಗೆದ್ದರೆ ಗುತ್ತಿಗೆದಾರ್ತಿ. ಸೋತರೆ ಮತ್ತೆ ಯಾರದೋ ಕೈಕೆಳಗೆ ಅದೇ ಬುಟ್ಟಿ.

ಕಾಲುವೆಗೆ ನೀರು ಬಿಡುವುದು ನಿಂತಿದ್ದ ಬೇಸಿಗೆಯಲ್ಲಿ ಕೆಲಸ ಶುರುವಾಯಿತು. ಜೊತೆಗೆ ಹಳೆಯ ಗೆಳತಿ ರಂಜಾನಬಿ. ಇಬ್ಬರೂ ಕೂಡಿ ಸುತ್ತಿಗೆ ಬಡಿದು, ಪೊಳ್ಳು ಸದ್ದು ಬಂದಲ್ಲೆಲ್ಲ ಗಟ್ಟಿ ಸಿಗುವವರೆಗೆ ಒಡೆದರು. ಸರಳಿನ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಮತ್ತೆ ತುಕ್ಕು ಹಿಡಿಯದಂತೆ ಬಣ್ಣ ಬಳಿದರು. ಹಳೆಯದಕ್ಕೆ ಹೊಸದು ಅಂಟಲೆಂದು ಸಿಮೆಂಟಿನ ಗಂಜಿ ಹಚ್ಚಿ, ಮೇಲೆ ಹೊಸ ಕಾಂಕ್ರೀಟು ತುಂಬಿದರು. ಇಲ್ಲಿಯವರೆಗೆ ಸುಲಭ. ಕಷ್ಟವಿರುವುದು ಆಮೇಲಿನ ಕ್ಯೂರಿಂಗಿನಲ್ಲಿ. ಹೊಸ ಕಾಂಕ್ರೀಟನ್ನು ದಿನಗಟ್ಟಲೆ ಒದ್ದೆಯಾಗಿಟ್ಟು, ಯಾರೂ ತುಳಿಯದಂತೆ ಬಾಣಂತಿಯ ಹಾಗೆ ಜೋಪಾನ ಮಾಡಬೇಕು. ಒದ್ದೆ ಅಂಗಿ ಹಗ್ಗಕ್ಕೆ ಹಾಕುವ ಮೊದಲೇ ಒಣಗಿ ಇಸ್ತ್ರಿಯಾಗುವ ನಮ್ಮ ಬಿಸಿಲಿನಲ್ಲಿ!

ದಾಟುವವರಿಗಾಗಿ ಒಣಗಿದ ಕಾಲುವೆಯೊಳಗೆ ಇಳಿದು ಹತ್ತುವ ದಾರಿ ಮಾಡಿಕೊಟ್ಟಿದ್ದಳು. ಆದರೆ ಇಳಿದು ಹತ್ತಲು ನಮ್ಮ ಮಂದಿಗೆ ಮೈಭಾರ. ಒದ್ದೆ ಗೋಣಿಚೀಲ ಹಾಸಿ, ಮುಳ್ಳಿನ ಬೇಲಿ ಇಟ್ಟು, ಬೋರ್ಡು ನಿಲ್ಲಿಸಿದಳು. ಬೆಳಗಾಗುವಷ್ಟರಲ್ಲಿ ಬೇಲಿ ಯಾರದೋ ಒಲೆಗೆ, ಚೀಲ ಯಾರದೋ ಮನೆಗೆ ಹೋಗಿದ್ದವು. ಹಸಿ ಕಾಂಕ್ರೀಟಿನ ಮೇಲೆ ಕುರಿಗಾರ ಜಂಬಣ್ಣನ ಇಡೀ ಹಿಂಡು ಹಾದುಹೋಗಿತ್ತು. ಗೊರಸಿನ ಗುರುತು ಎಷ್ಟು ಚೊಕ್ಕವಾಗಿ ಮೂಡಿತ್ತೆಂದರೆ ಯಾವ ಕುರಿ ಕುಂಟುತ್ತದೆ ಎಂದೂ ಹೇಳಬಹುದಿತ್ತು.

"ಬೋರ್ಡು ಕಾಣಲಿಲ್ಲೇನು ಯಪ್ಪಾ?" ಮೌನೇಶ್ವರಿ ಗುಡುಗಿದಳು.

"ನನಗ ಕಂಡ್ತವ್ವಾ," ಎಂದ ಜಂಬಣ್ಣ ಬೀಡಿ ಹಚ್ಚುತ್ತಾ. "ನನ್ನ ಕುರಿಗೇನು ಓದಾಕ ಬರ್ತದೇನು?"

ಹಾಳಾದದ್ದನ್ನು ಒಡೆದು ಮತ್ತೆ ಹಾಕಿದಳು. ಈ ಸಲ ಮೇಲೆ ದಪ್ಪಗೆ ಒದ್ದೆ ಭತ್ತದ ಹುಲ್ಲು ಹಾಸಿದಳು. ಮಧ್ಯಾಹ್ನ ಊಟಕ್ಕೆ ಕುಳಿತು ಏಳುವಷ್ಟರಲ್ಲಿ ಊರಿನ ಎಮ್ಮೆಗಳು ಕ್ಯೂರಿಂಗನ್ನೇ ಮೇಯ್ದು ಮುಗಿಸಿ, ಸೇತುವೆಯ ನಟ್ಟನಡುವೆ ಮಲಗಿ ಮೆಲುಕು ಹಾಕುತ್ತಿದ್ದವು. ಹೊದಿಕೆ ಹೋದ ಕಾಂಕ್ರೀಟು ಬಿಸಿಲಿಗೆ ಜೇಡರ ಬಲೆಯಂತೆ ಬಿರುಕು ಬಿಟ್ಟಿತ್ತು.

ಇಲಾಖೆಯ ಇಂಜಿನಿಯರ್ ಮೇಘಾ ಬಂದು ನೋಡಿದಳು. ಚಿಕ್ಕ ವಯಸ್ಸಿನ ಹುಡುಗಿ, ಮೌನೇಶ್ವರಿಯ ಕೆಲಸದ ಮೇಲೆ ಭರವಸೆ ಇಟ್ಟವಳು. ಮುಖ ಸಣ್ಣದು ಮಾಡಿಕೊಂಡು ಹೇಳಿದಳು: "ಅಕ್ಕಾ, ಮೂರನೇ ಸಲಾನೂ ಹಿಂಗಾದ್ರ ಕೆಲಸ ನಿಮ್ಮ ಕೈಯಾಗಿಂದ ಹೋಗ್ತದ್ರಿ. ಕಾಲುವಿಗೆ ನೀರು ಬಿಡೋ ಹೊತ್ತೂ ಬಂತು. ನಾನಂತೂ ತಡಿಯಾಕ ಆಗಂಗಿಲ್ಲ."

ಮೂರನೆಯ ಸಲ ಕಾಂಕ್ರೀಟು ಹಾಕಿದರು. ಗಟ್ಟಿಯಾಗುವವರೆಗೆ ಇಬ್ಬರೂ ಕೋಲು ಹಿಡಿದು ಎರಡೂ ತುದಿಯಲ್ಲಿ ಕುಳಿತರು. ಆದರೆ ಕ್ಯೂರಿಂಗ್ ಮುಗಿಯುವತನಕ ಇಡೀ ಊರನ್ನು ತಡೆಯುತ್ತಾ ಕೂರುವುದು ಹೇಗೆ? ಆ ಹೊತ್ತಿಗೆ, ಕ್ಯೂರಿಂಗಿಗೆಂದು ತರಿಸಿದ್ದ ನೀರಿನ ಟ್ಯಾಂಕರಿನ ಬಳಿ ಖಾಲಿ ಕೊಡ ಹಿಡಿದು ಬಂದವಳು ಯಂಕಮ್ಮ, ಅದೇ ಜಂಬಣ್ಣನ ಹೆಂಡತಿ.

"ಯವ್ವಾ, ನಿನ್ನ ಟ್ಯಾಂಕರಿನಾಗ ಒಂದು ಕೊಡ ನೀರು ಕೊಡು. ಭತ್ತದ ಸಸಿ ಹಾಕ್ಬೇಕು. ಕಾಲುವಿ ನೀರು ಬರೋದ್ರಾಗ ಸಸಿ ಎದ್ದಿರಲಿಲ್ಲಂದ್ರ ನಾಟಿ ಹಿಂದ ಬೀಳ್ತದ."

ಮೌನೇಶ್ವರಿ ಯಂಕಮ್ಮನನ್ನು ನೋಡಿದಳು. ಸೇತುವೆಯನ್ನು ನೋಡಿದಳು. ಮತ್ತೆ ಯಂಕಮ್ಮನನ್ನು ನೋಡಿದಳು. ಜೀವನದಲ್ಲಿ ಮೊದಲ ಸಲ ಹೆಸರಿಗೆ ತಕ್ಕಂತೆ ಸುಮ್ಮನೆ ನಿಂತಳು.

"ಕೊಡ ಯಾಕಬೇ, ಟ್ಯಾಂಕರೇ ತಗೋ. ಆದ್ರ ಸಸಿ ಇಲ್ಲೇ ಹಾಕು, ಸೇತುವಿ ಮ್ಯಾಲ."

"ಮೌನಕ್ಕಾ, ಬಿಸಿಲು ತಲಿಗೇರ್ತೇನು?" ಎಂದು ರಂಜಾನಬಿ ಹಣೆ ಮುಟ್ಟಿ ನೋಡಿದಳು.

ಬಿಸಿಲೇನೂ ಏರಿರಲಿಲ್ಲ. ಭತ್ತದ ನಾಡಿನಲ್ಲಿ ಮನುಷ್ಯ ಬೇಲಿ ಹಾರುತ್ತಾನೆ, ಬೋರ್ಡು ಕಿತ್ತು ಕಟ್ಟಿಗೆ ಮಾಡುತ್ತಾನೆ, ಪೊಲೀಸರಿದ್ದರೂ ಪಕ್ಕದಲ್ಲಿ ನುಸುಳುತ್ತಾನೆ. ಸಸಿಮಡಿಯನ್ನು ಮಾತ್ರ ತುಳಿಯುವುದಿಲ್ಲ. ಮೇಘಾಳಿಗೆ ಫೋನು ಹೋಯಿತು. ಆಕೆ ಅಂದಳು: "ಹಸಿ ಮಣ್ಣು ಚೀಲಕ್ಕಿಂತ ಛಲೋ ನೀರು ಹಿಡೀತದ, ಹಾಕ್ರಿ. ಆದ್ರ ಮ್ಯಾಲಿನವ್ರಿಗೆ ಏನಂತ ಹೇಳ್ಲಿ?"

"ಕ್ಯೂರಿಂಗ್ ನಡದದ ಅನ್ರಿ ಮೇಡಂ. ಭತ್ತದ ಸುದ್ದಿ ಎತ್ತಬ್ಯಾಡ್ರಿ, ಕೃಷಿ ಇಲಾಖೆಯವ್ರೂ ಬಂದು ಕುಂತಾರು."

ಅಂಚಿಗೆಲ್ಲ ಮಣ್ಣಿನ ಒಡ್ಡು ಕಟ್ಟಿ, ನಡುವೆ ತೆಳ್ಳಗೆ ಕೆಸರು ಹರಡಿ, ಸೇತುವೆಯನ್ನು ಮಡಿಗಳಾಗಿ ಹಂಚಿದಳು. ಒಂದೊಂದು ಮನೆಗೆ ಒಂದೊಂದು ಮಡಿ. ನೆನೆಸಿ ಮೊಳಕೆ ಬರಿಸಿದ ಭತ್ತ ತಂದು ಹೆಂಗಸರು ತಾವೇ ಚೆಲ್ಲಿದರು. ಎರಡೂ ತುದಿಯ ಮಡಿಗಳನ್ನು ಬೇಕೆಂದೇ ಯಂಕಮ್ಮನಿಗೆ ಕೊಟ್ಟಳು. ಆ ಕಡೆಯಿಂದ ಬಂದರೂ ಈ ಕಡೆಯಿಂದ ಬಂದರೂ ಮೊದಲು ಸಿಗುವುದು ಜಂಬಣ್ಣನ ಮನೆಯ ಭತ್ತ!

ಕೆಲವು ದಿನದಲ್ಲೇ ಸೇತುವೆ ಗಿಣಿ ಹಸಿರಾಯಿತು. ಗಿಣಿಗಳೇ ದಾರಿ ತಪ್ಪಿ ಬಂದು, ನೆಂಟರ ಮನೆ ಇರಬೇಕೆಂದು ಇಳಿದು, ನಾಚಿಕೊಂಡು ಹೋದವು. ಒಂದು ಮುಂಜಾನೆ ಜಂಬಣ್ಣನ ಹಿಂಡು ಬಂತು. ಮುಂದಿನ ಟಗರು ಸಸಿಗೆ ಮೂಗು ಚಾಚಿತೋ ಇಲ್ಲವೋ, ಜಂಬಣ್ಣ ಆ ವಯಸ್ಸಿನಲ್ಲಿ ಹಾರಿ ಅದರ ಕೊಂಬು ಹಿಡಿದ.

"ಹೇ ಹೇ! ಯಂಕಿ ನನ್ನ ಜೀವ ತೆಗೀತಾಳಲೇ!"

ಹಿಂಡನ್ನೆಲ್ಲ ಕಾಲುವೆಗೆ ಇಳಿಸಿ ಆಚೆಗೆ ಹತ್ತಿಸಿದ. ಅಷ್ಟಕ್ಕೇ ಬಿಡಲಿಲ್ಲ. ತನ್ನ ಹಿಂದೆಯೇ ಬಂದ ಬೈಕಿಗೂ ಅಡ್ಡ ನಿಂತ, ಅದರ ಮೇಲಿದ್ದವನು ತನಗಿಂತ ಎರಡು ಪಟ್ಟು ದೊಡ್ಡ ಆಸಾಮಿ.

"ಎಲ್ಲಿಗಲೇ? ಬೋರ್ಡು ಕಾಣಂಗಿಲ್ಲೇನು?"

"ಬೋರ್ಡು ಎಲ್ಲದ ಯಜ್ಜಾ?"

"ಸಸಿನೇ ಬೋರ್ಡು! ಇಳಿ ಕೆಳಗ!"

ದೂರದಲ್ಲಿ ಕುಳಿತಿದ್ದ ರಂಜಾನಬಿ ಕೋಲನ್ನು ಎಸೆದು ಹಾಯಾಗಿ ಎಲೆಅಡಿಕೆ ಹಾಕಿಕೊಂಡಳು. ಕಾವಲಿಗೆ ಇನ್ನು ಇಡೀ ಊರೇ ಇತ್ತು. ಎಮ್ಮೆಗಳನ್ನು ಎಷ್ಟು ಬಿಗಿಯಾಗಿ ಕಟ್ಟಿದರೆಂದರೆ ಅವು ಸಿಟ್ಟಿಗೆದ್ದು ಬರೀ ಮಜ್ಜಿಗೆ ಕೊಡತೊಡಗಿದವು.

ಸಸಿ ಎದ್ದು ನಿಲ್ಲುವುದಕ್ಕೂ ಕಾಲುವೆಗೆ ನೀರು ಬರುವುದಕ್ಕೂ ಸರಿಹೋಯಿತು. ಹೆಂಗಸರು ಸಸಿಯನ್ನು ಬೇರು ಮಣ್ಣು ಸಮೇತ ಚಾಪೆಯ ಹಾಗೆ ಸುತ್ತಿ ಎತ್ತಿಕೊಂಡರು. ಸೇತುವೆ ತೊಳೆದಾಗ ಕೆಳಗಿದ್ದ ಕಾಂಕ್ರೀಟಿನಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಮೇಘಾ ಈ ತುದಿಯಿಂದ ಆ ತುದಿಯವರೆಗೆ ಸುತ್ತಿಗೆಯಿಂದ ತಟ್ಟುತ್ತಾ ಹೋದಳು. ಒಂದು ಕಡೆಯೂ ಪೊಳ್ಳಿಲ್ಲ, ಎಲ್ಲೆಡೆ ಠಣ್ ಎಂಬ ಗಟ್ಟಿ ಸದ್ದು. ಕೊನೆಗೆ ಸುತ್ತಿಗೆ ಕೆಳಗಿಟ್ಟು, ಇಂಜಿನಿಯರಿಕೆ ಮರೆತು, ಮೌನೇಶ್ವರಿಯನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಸಸಿ ತುಂಬಿದ ಟ್ರ್ಯಾಲಿಗಳು ಸಾಲಾಗಿ ದಾಟಿದವು. ಕೆಳಗೆ ನೀರು, ಮೇಲೆ ಹಸಿರು.

ಎಲ್ಲರ ಹಿಂದೆ ಜಂಬಣ್ಣ ಹಿಂಡು ನಿಲ್ಲಿಸಿಕೊಂಡು ಕಾಯುತ್ತಿದ್ದ.

"ಈಗ ದಾಟಬಹುದೇನವ್ವಾ?"

"ಯಾಕ ಯಪ್ಪಾ, ಕುರಿಗೆ ಓದಾಕ ಬಂತೇನು?"

"ಕುರಿಗೆ ಎಲ್ಲಿ ಬರ್ತದವ್ವಾ. ನನಗ ಯಂಕಿ ಕಲಿಸ್ಯಾಳ."

ಸೇತುವೆಯ ಗೋಡೆಯ ಮೇಲೆ ಈಗ ಬಿಳಿ ಬಣ್ಣದಲ್ಲಿ "ಗುತ್ತಿಗೆದಾರರು: ಮೌನೇಶ್ವರಿ" ಎಂದು ಬರೆದಿದೆ. ಅಕ್ಷರ ಆಕೆಯ ದನಿಯಷ್ಟೇ ದೊಡ್ಡದು, ಸಿರವಾರದಲ್ಲಿ ನಿಂತು ಓದಬಹುದು. ಮರುವರ್ಷವೇ ಹುಟ್ಟೂರು ದೇವದುರ್ಗದಲ್ಲಿ ಬಿರುಕು ಬಿಟ್ಟ ದೊಡ್ಡ ನೀರಿನ ಟ್ಯಾಂಕಿನ ರಿಪೇರಿಗೆ ಕರೆ ಬಂತು. ಕೂಲಿಯವರ ಮಗಳಾಗಿ ಊರು ಬಿಟ್ಟವಳು ತಂಡ ಕಟ್ಟಿಕೊಂಡು ಜೀಪಿನಲ್ಲಿ ಇಳಿದಳು. ಇಳಿದು ನೋಡಿದರೆ ಟ್ಯಾಂಕಿನ ಕೆಳಗೆ ಊರ ಹೆಂಗಸರು ಮೊಳಕೆ ಭತ್ತದ ಬುಟ್ಟಿ ಹಿಡಿದು, ಮುಗಿಲೆತ್ತರದ ಟ್ಯಾಂಕನ್ನು ನೋಡುತ್ತಾ ನಿಂತಿದ್ದರು.

"ಬಂದ್ಯಾ ಯವ್ವಾ? ಮ್ಯಾಲ ನಮ್ಮ ಮಡಿ ಯಾವುದು ಹೇಳು!"