ಮೂರನೇ ಮಹಡಿಯ ನೀಲಗಂಗಾ ಮೇಡಂ

ಗುಟ್ಟು ಕಾಪಾಡುವುದೇ ಕಸುಬಾಗಿದ್ದ ನೀಲಗಂಗಾ ಮೇಡಂಗೆ ದೇವರು ಕೊಟ್ಟಿದ್ದು ಮೈಕಿನಂಥ ಗಂಟಲು. ಬಸವೇಶ್ವರನಗರದಲ್ಲಿ ಹದಿಹರೆಯದ ಮಕ್ಕಳ ಮನಸ್ಸಿಗೆ ಚಿಕಿತ್ಸೆ ಕೊಡುತ್ತಿದ್ದ ಅವರು, ಕೆಳಗೆ ಒಳ್ಳೆಯ ಕೋಣೆ ಖಾಲಿಯಿದ್ದರೂ ಮೂರನೇ ಮಹಡಿಯಲ್ಲಿ ನೀರಿನ ಟ್ಯಾಂಕಿನ ಪಕ್ಕದ ಕೋಣೆಯನ್ನೇ ಹಿಡಿದಿದ್ದರು. "ನನ್ನ ಬಾಯಿ ದೊಡ್ಡದವಾ. ಇಲ್ಲಾದ್ರ ಕಾಗಿ ಬಿಟ್ರ ಯಾರಿಗೂ ಕೇಳ್ಸೂದಿಲ್ಲ," ಎನ್ನುತ್ತಿದ್ದರು. ಧಾರವಾಡದ ಕಡೆಯವರು. ಬೆಂಗಳೂರಿಗೆ ಬಂದು ಎಷ್ಟು ವರ್ಷವಾದರೂ ಮಾತು ಮಾತ್ರ ಊರಿನದೇ.

ಫಸ್ಟ್ ಪಿಯುಸಿಯಲ್ಲಿದ್ದಾಗ ನನ್ನ ಕೈ ಮೇಲೆ ನಾನೇ ಮಾಡಿಕೊಂಡ ಗಾಯಗಳನ್ನು ಅಮ್ಮ ನೋಡಿಬಿಟ್ಟಳು. ಬೈಯಲಿಲ್ಲ. ಕಾಮಾಕ್ಷಿಪಾಳ್ಯದಿಂದ ಆಟೋದಲ್ಲಿ ಕೂರಿಸಿಕೊಂಡು ಸೀದಾ ಮೇಡಂ ಹತ್ತಿರ ಕರೆತಂದಳು.

"ನಂಗೆ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಇದೆ. ಫೋನಲ್ಲಿ ಟೆಸ್ಟ್ ಮಾಡ್ಕೊಂಡೆ," ಎಂದೆ. ಭಾವನೆಗಳು ಕಟ್ಟೆಯೊಡೆದು ನುಗ್ಗುವ, ಇವತ್ತು ಪ್ರಾಣವಾದವರು ನಾಳೆ ಶತ್ರುವಾಗಿಬಿಡುವ ಆ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೆ.

"ಈ ವಯಸ್ಸಲ್ಲಿ ಎಲ್ರೂ ಹೀಗೇ ಅಲ್ವಾ ಮೇಡಂ?" ಎಂದಳು ಅಮ್ಮ.

"ಮಗಳು ಐತಿ ಅಂತಾಳ, ಅವ್ವ ಇಲ್ಲ ಅಂತಾಳ. ನನಗಿನ್ನೂ ಗೊತ್ತಿಲ್ಲ. ನೋಡೂಣು," ಎಂದು ಮೇಡಂ ಅಮ್ಮನನ್ನು ಹೊರಗೆ ಕೂರಿಸಿ ಬಂದರು.

ನಿದ್ದೆ, ಸಿಟ್ಟು, ಊಟ ಎಲ್ಲ ಕೇಳಿದರು. ಆಮೇಲೆ, "ಯಾರರ ನಿನ್ನ ಬಿಟ್ಟು ಹೋಗ್ತಾರ ಅನಿಸಿದ್ರ ಏನು ಮಾಡ್ತಿ?" ಎಂದರು. ಗೆಳತಿ ಸಹನಾಳ ವಿಷಯ ಹೇಳಿದೆ. ಒಂದು ಮಧ್ಯಾಹ್ನವಿಡೀ ಅವಳು ಮೆಸೇಜಿಗೆ ಉತ್ತರಿಸಲಿಲ್ಲವೆಂದು ಮೆಟ್ರೋ ಹತ್ತಿ ಕೆಂಗೇರಿಯ ಅವಳ ಮನೆಗೇ ಹೋಗಿ, ಗೇಟಿನ ಮುಂದೆ ನಿಂತು ಬಾಯಿಗೆ ಬಂದಂತೆ ಬೈದಿದ್ದೆ. ಪಾಪ, ಅವಳು ಜ್ವರ ಬಂದು ಮಲಗಿದ್ದಳು. ಮರುದಿನ ಹೋಗಿ ಕಾಲು ಹಿಡಿದುಕೊಂಡು ಅತ್ತೆ.

ಮೇಡಂ ನಗಲಿಲ್ಲ. "ಗೇಟಿನ ಮುಂದ ನಿಂತಾಗ ಒಳಗ ಸಿಟ್ಟಿತ್ತೋ, ಅಂಜಿಕಿ ಇತ್ತೋ?"

ಅದನ್ನು ಯಾರೂ ಕೇಳಿರಲಿಲ್ಲ. "ಹೆದ್ರಿಕೆ," ಎಂದೆ. "ಹಾಗಾದ್ರೆ ಕಾಯಿಲೆ ಇದೆ ತಾನೇ?"

"ಈ ಪ್ರಶ್ನಿ ಎಲ್ಲಾ ಜರಡಿ ಇದ್ದಂಗ. ಜರಡಿಯೊಳಗ ಉಳಿದದ್ದೆಲ್ಲಾ ಕಲ್ಲೇನಲ್ಲ. ಕೈಯಾಗ ಹಿಡದು ನೋಡಬೇಕು. ವಯಸ್ಸಿನ ಆಟ ಅಂತ ಬಿಡೂದೂ ತಪ್ಪು, ಒಂದ ದಿನದಾಗ ಹೆಸರಿಡೂದೂ ತಪ್ಪು."

ಗಾಯ ಮಾಡಿಕೊಳ್ಳಬೇಕೆನಿಸಿದರೆ ಮೊದಲು ಅಮ್ಮನಿಗೆ ಹೇಳಬೇಕು ಎಂಬುದನ್ನು ಮಾತ್ರ ಅವತ್ತೇ ಒಪ್ಪಿಸಿದರು. ಹಲವು ವಾರ ನೋಡಿದ ಮೇಲೆ ಇಬ್ಬರನ್ನೂ ಕೂರಿಸಿಕೊಂಡು, "ಬಾರ್ಡರ್‌ಲೈನ್ ಲಕ್ಷಣ ಅದಾವ. ಆದ್ರ ಹಣೆಬರಹ ಅಂತ ತಿಳೀಬ್ಯಾಡ. ಕಲಿಯೂದು ಐತಿ, ಕಲೀತಿ," ಎಂದರು. ಆ ಹೆಸರಿಗಾಗಿ ಕಾದಿದ್ದವಳು ನಾನೇ. ಕೇಳಿದಾಗ ಅಳು ತಡೆಯಲಾಗಲಿಲ್ಲ.

"ನಾನೇನಾದ್ರೂ ತಪ್ಪು ಮಾಡಿದ್ನಾ ಮೇಡಂ?" ಎಂದಳು ಅಮ್ಮ.

"ತಪ್ಪು ಹುಡುಕೂದು ಪೊಲೀಸರ ಕೆಲಸರೀ. ನೀವೂ ಕಲೀಲಿಕ್ಕೆ ಬರ್ರಿ."

ಇಬ್ಬರೂ ಹೋದೆವು. ಸಿಟ್ಟು ಏರುವಾಗ ಗುರುತಿಸುವುದನ್ನು ನಾನು ಕಲಿತೆ. ಆಗ ಬುದ್ಧಿ ಹೇಳದೆ ಸುಮ್ಮನಿರುವುದನ್ನು ಅಮ್ಮ ಕಲಿತಳು. ಅವಳದೇ ಕಷ್ಟದ ಪಾಠ.

ನಾನು ನಾಗರಬಾವಿಯ ಕಾಲೇಜಿನಲ್ಲಿ ಡಿಗ್ರಿ ಸೇರಿದ ವರ್ಷ ಮೇಡಂ, ಇನ್ನು ಕೆಲವು ತಿಂಗಳಲ್ಲಿ ಧಾರವಾಡಕ್ಕೆ ಹೋಗಿಬಿಡುವುದಾಗಿ ಹೇಳಿದರು. ಹಾಸಿಗೆ ಹಿಡಿದ ಅಕ್ಕನನ್ನು ನೋಡಿಕೊಳ್ಳಬೇಕಿತ್ತು. "ಈಗ್ಲೇ ಹೋಗಿ, ನಂಗೇನು," ಎಂದು ಬಾಗಿಲು ಬಡಿದು ಮೆಟ್ಟಿಲಿಳಿದೆ. ರಸ್ತೆಯಲ್ಲಿ ಹತ್ತು ಹೆಜ್ಜೆ ಹೋಗಿರಲಿಲ್ಲ, ಮೇಲಿನಿಂದ ಕೂಗು: "ಮುಂದಿನ ವಾರ ಇದ ಟೈಮಿಗೆ ಬಾರವಾ. ನಾ ಇಲ್ಲೇ ಇರ್ತೀನಿ." ಬೇಕರಿಯ ಮುಂದೆ ಟೀ ಕುಡಿಯುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು.

ನಾಚಿಕೆಯಾದರೂ ಹೋದೆ. "ಬಂದ್ಯಾ? ಕುಂದರು. ಈಗ ಬೈ," ಎಂದರು. ಕೂತೆ.

ಕೊನೆಯ ಭೇಟಿಯಲ್ಲಿ ಕೇಳಿದೆ: "ನಿಮ್ಗೇನೂ ಅನ್ಸಲ್ವಾ ಮೇಡಂ?"

"ಅನಸ್ತೈತಿ. ಬಸ್ಸಿನಾಗ ಕುಂತು ಅಳ್ತೀನಿ. ಅಳಕೋತ ಊರಿಗೆ ಹೋಗ್ತೀನಿ. ನೀನೂ ಅಳು. ಅತ್ತು ಕಾಲೇಜಿಗೆ ಹೋಗು."

ಕೆಳಗಿಳಿದು ಬಂದು ಕೊನೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಕಾಯುತ್ತಿದ್ದ ಅಮ್ಮ ಏನೂ ಕೇಳದೆ ಸೆರಗು ಸರಿಮಾಡಿಕೊಂಡು ಪಕ್ಕದಲ್ಲೇ ಕೂತಳು. ಮರುದಿನ ಬೆಳಿಗ್ಗೆ, ಊದಿದ ಕಣ್ಣಲ್ಲೇ, ನಾಗರಬಾವಿಯ ಬಸ್ಸು ಹತ್ತಿದೆ.