ಕಾಫಿಗೆ ಕರೆದರೆ ನಿಲ್ಲದ ಸೈಕಲ್ಲು

ಹಾನುಬಾಳಿನಲ್ಲಿ ಪೈಪು, ನಲ್ಲಿ, ಸ್ಪ್ರಿಂಕ್ಲರ್ ಸಾಮಾನು ಮಾರುವ ಚನ್ನಬಸವಯ್ಯನವರ ಕಾಲು ಸುಮ್ಮನಿದ್ದದ್ದನ್ನು ಈ ಹೋಬಳಿಯಲ್ಲಿ ಯಾರೂ ನೋಡಿಲ್ಲ. ಐವತ್ತು ದಾಟಿದ ಮೇಲೆ ಅವರ ಮೀನಖಂಡ ಎಳೆ ಹಲಸಿನಕಾಯಿಯಂತೆ ಬೆಳೆದು, ಟೈಲರ್ ಪ್ಯಾಂಟಿಗೆ ಬಟ್ಟೆ ಸಾಲದೆ ಕೊಡೆ ಬಟ್ಟೆ ಸೇರಿಸಿ ಹೊಲಿದದ್ದುಂಟು. ನಿದ್ದೆಯಲ್ಲೂ ಅವರು ಪೆಡಲು ತುಳಿಯುವುದರಿಂದ ನಡುಮನೆಯ ಮಂಚ ಬೆಳಗಿನ ಹೊತ್ತಿಗೆ ಅಡುಗೆಮನೆ ಬಾಗಿಲಿಗೆ ಬಂದು ನಿಂತಿರುತ್ತದೆ. ಇದು ಅವರ ಹೆಂಡತಿ ದ್ರಾಕ್ಷಾಯಣಿಯೇ ಹೇಳಿದ್ದು. ನಾನು ಒಂದಕ್ಷರ ಸೇರಿಸಿಲ್ಲ.

ಇದಕ್ಕೆಲ್ಲ ಕಾರಣ ಫಿಕ್ಸೆಡ್ ಗೇರ್ ಸೈಕಲ್ಲು. ನಮ್ಮ ನಿಮ್ಮ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಫ್ರೀವೀಲ್ ಅಂತ ಒಂದಿರುತ್ತದೆ. ಇಳಿಜಾರಿನಲ್ಲಿ ತುಳಿಯುವುದು ಬಿಟ್ಟು ಮಹಾರಾಜರ ಹಾಗೆ ಕೂತರೂ ಸೈಕಲ್ಲು ತನ್ನಷ್ಟಕ್ಕೆ ಹೋಗುವುದು ಅದರ ಪುಣ್ಯದಿಂದ. ಚನ್ನಬಸವಯ್ಯ ಫೋನಿನಲ್ಲಿ ಯಾವುದೋ ದೇಶದ ಹುಡುಗರ ವಿಡಿಯೋ ನೋಡಿ, ಆ ಫ್ರೀವೀಲಿಗೆ ವೆಲ್ಡಿಂಗ್ ಹೊಡೆಸಿ ಅದರ ಸ್ವಾತಂತ್ರ್ಯ ಮುಗಿಸಿಬಿಟ್ಟರು. ಅಲ್ಲಿಂದಾಚೆಗೆ ಚಕ್ರ ತಿರುಗಿದಷ್ಟು ಹೊತ್ತೂ ಪೆಡಲು ತಿರುಗಬೇಕು, ಪೆಡಲಿನ ಮೇಲಿರುವ ಕಾಲೂ ತಿರುಗಬೇಕು. ಆ ಹುಡುಗರ ಸೈಕಲ್ಲಿಗೆ ಬ್ರೇಕಿರಲಿಲ್ಲವೆಂದು ಇವರೂ ಬ್ರೇಕು ಕಿತ್ತರು. ಪೆಡಲನ್ನು ಹಿಂದಕ್ಕೆ ಒತ್ತಿ ಹಿಡಿದರೆ ಸೈಕಲ್ಲು ನಿಲ್ಲುತ್ತದೆ ಎಂದು ಶಾಸ್ತ್ರ. ಶಾಸ್ತ್ರ ಬರೆದವರ ಊರು ದೋಸೆ ಕಾವಲಿಯ ಹಾಗೆ ಚಪ್ಪಟೆಯಾಗಿರಬೇಕು.

ಹಾಲಿನವರ ಹಳೇ ಸೈಕಲ್ಲಿನ ಚೌಕಟ್ಟು, ಸ್ಪ್ರಿಂಕ್ಲರ್ ಪೈಪು ಬಗ್ಗಿಸಿ ಮಾಡಿದ ಹ್ಯಾಂಡಲ್ಲು, ಕಾಫಿ ಹಣ್ಣಿನ ಕೆಂಪು ಬಣ್ಣ. ಕಟ್ಟಿ ಮುಗಿಸಿದ ದಿನ ಅವರು ಊರಿನ ದೊಡ್ಡ ಇಳಿಜಾರಿನಲ್ಲಿ ಬಂದ ರಭಸಕ್ಕೆ, ಅರಣ್ಯ ಇಲಾಖೆಯ ಪಟಾಕಿಗೂ ಜಗ್ಗದೆ ರಸ್ತೆಗಡ್ಡ ನಿಂತಿದ್ದ ಒಂಟಿ ಸಲಗ ಪಕ್ಕದ ತೋಟಕ್ಕೆ ಸರಿದು, ಸೊಂಡಿಲೆತ್ತಿ ದಾರಿ ತೋರಿಸಿತಂತೆ.

ಆನೆ ದಾರಿ ಬಿಟ್ಟಿತು. ಬೀಗರು ಬಿಡಲಿಲ್ಲ.

ಬೀಗರೆಂದರೆ ಮಹಾದೇವಯ್ಯ. ಅವರ ಮಗ ಮೋಹಿತನಿಗೆ ಚನ್ನಬಸವಯ್ಯನವರ ಮಗಳು ತನುಜಾಳನ್ನು ಕೊಡುವುದೆಂದು ಮಾತಾಗಿ, ನಿಶ್ಚಿತಾರ್ಥದ ದಿನ ಗೊತ್ತು ಮಾಡುವುದೊಂದೇ ಬಾಕಿಯಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿ, ಫೋನಿನ ಬ್ಯಾಟರಿ ಊದಿಕೊಳ್ಳುವಷ್ಟು ಮಾತಾಡುತ್ತಿದ್ದರು. ಆದರೆ ಮಹಾದೇವಯ್ಯನವರ ಮನೆ ಇದ್ದದ್ದು ಆ ದೊಡ್ಡ ಇಳಿಜಾರಿನ ನೆತ್ತಿಯಿಂದ ಸ್ವಲ್ಪ ಕೆಳಗೆ, ಸೈಕಲ್ಲು ರಭಸ ಹಿಡಿಯುವ ಜಾಗದಲ್ಲಿ. ನಮ್ಮ ಕಡೆ ಮನೆ ಮುಂದೆ ಹಾದುಹೋಗುವವರನ್ನು ಕಾಫಿಗೆ ಕರೆಯದಿದ್ದರೆ ಮನೆಯವರಿಗೆ ಮರ್ಯಾದೆಯಿಲ್ಲ. ಕರೆದಾಗ ನಿಂತು ಎರಡು ಮಾತಾದರೂ ಆಡದಿದ್ದರೆ ಹೋಗುವವರಿಗಿಲ್ಲ. ಗೇಟಿನಲ್ಲಿ ಕೂತ ಮಹಾದೇವಯ್ಯ ಕರೆದರು. ಚನ್ನಬಸವಯ್ಯ ನಿಲ್ಲಲಿಲ್ಲ. ಮಾರನೇ ವಾರ ಎದ್ದು ನಿಂತು ಕರೆದರು. ಆಗಲೂ ನಿಲ್ಲಲಿಲ್ಲ. ಹಲ್ಲು ಕಚ್ಚಿ ಪೆಡಲು ಹಿಡಿಯುವವರ ಬಾಯಿಂದ ಉತ್ತರವಾದರೂ ಹೇಗೆ ಬಂದೀತು? ಆಮೇಲೊಂದು ದಿನ ರಸ್ತೆಗೇ ಇಳಿದು ಕೈಮುಗಿದು ಕರೆದರೆ, ಚನ್ನಬಸವಯ್ಯ ಅವರ ಹೆಗಲ ಟವಲ್ಲು ಹಾರಿಸಿಕೊಂಡು ಹೋದರು.

ಮದುವೆಗೆ ಮುಂಚೆಯೇ ಹೀಗಾದರೆ ಆಮೇಲೆ ನಮ್ಮ ಗುರುತಾದರೂ ಸಿಗುತ್ತದೆಯೇ ಎಂದು ಮಹಾದೇವಯ್ಯ ಆ ರಸ್ತೆಯ ಮನೆಮನೆಗೂ ಹೇಳಿಕೊಂಡು ಬಂದರು. ನಿಶ್ಚಿತಾರ್ಥದ ಮಾತು ನಿಂತುಹೋಯಿತು. ತನುಜಾ ಅಪ್ಪನ ಎದುರು ಬಂದು ಕೂತಳು.

“ಅಪ್ಪಾಜಿ, ಮೋಹಿತ್ ನನ್ನ ಫೋನೇ ಎತ್ತುತ್ತಿಲ್ಲ. ನೀನೇ ಹೋಗಿ ಮಾತಾಡು. ನಿಂತ್ಕೊಂಡು ಮಾತಾಡು.”

ಚನ್ನಬಸವಯ್ಯ ಅವತ್ತೇ ಸೈಕಲ್ಲನ್ನು ಸಾಕ್ಷಿಗೆಂದು ತಳ್ಳಿಕೊಂಡು ಹೋದರು. ವೆಲ್ಡಿಂಗ್ ತೋರಿಸಿದರು, ಚಕ್ರ ಎತ್ತಿ ತಿರುಗಿಸಿದರು. ನಿಲ್ಲಬಾರದೆಂದಲ್ಲ, ನಿಲ್ಲಲಾಗಲಿಲ್ಲ ಎಂದರು. ಮಹಾದೇವಯ್ಯನವರ ಮುಖ ಸಡಿಲವಾಗಲಿಲ್ಲ.

“ನಿಲ್ದೇ ಇರೋ ಸೈಕ್ಲು ಎಲ್ರೀ ಐತೆ? ಮನಸ್ಸಿದ್ರೆ ಜೆಸಿಬಿನೂ ನಿಲ್ತದೆ. ಕೊಡಿ ಇಲ್ಲಿ, ನಿಲ್ಸಿ ತೋರುಸ್ತೀನಿ.”

ಪಂಚೆ ಎತ್ತಿ ಕಟ್ಟಿ ಹತ್ತಿದರು. ಬೇಡವೆನ್ನುವಷ್ಟರಲ್ಲಿ ಹೋಗೇಬಿಟ್ಟರು.

“ಬೀಗ್ರೇ, ಕಾಲ್ ಕೊಡ್ತಾನೇ ಇರಿ!” ಎಂದು ಚನ್ನಬಸವಯ್ಯ ಹಿಂದೆ ಓಡಿದರು. ಮಹಾದೇವಯ್ಯ ಕಾಲು ಕೊಡುತ್ತಿರಲಿಲ್ಲ, ಸೈಕಲ್ಲೇ ಕಿತ್ತುಕೊಳ್ಳುತ್ತಿತ್ತು. ನೋಡಿದವರಿಗೆ ಅವರಿಗೆ ಆರು ಕಾಲಿದ್ದಂತೆ ಕಂಡಿತಂತೆ. ಮೊದಲ ತಿರುವಿನಲ್ಲಿ ಜವರಯ್ಯ ಗೇಟಿಗೆ ಬಂದು ಕಾಫಿಗೆ ಕರೆದ. ಹುಟ್ಟಿದಾರಭ್ಯ ಯಾರ ಕರೆಯನ್ನೂ ತಳ್ಳದ ಮನುಷ್ಯ ಮಹಾದೇವಯ್ಯ. “ಬಂದೇ, ಈಗ್ ಬಂದೇ” ಎಂದು ಕೂಗಿ ಆಚೆ ಹೋದರು. ಸರೋಜಮ್ಮ ಕರೆದರು, ಅವರಿಗೂ ಬಂದೇ. ತೋಟದ ಲೆಕ್ಕ ಬರೆಯುವ ರೈಟರ್ ಕರೆದ, ಅವನಿಗೂ ಬಂದೇ. ಪ್ರತಿ ಮನೆಯಲ್ಲೂ ಹಾಲು ಒಲೆಗೇರಿತು. ಎಮ್ಮೆಯೊಂದು ಸುಮ್ಮನೆ ತಲೆಯೆತ್ತಿ ನೋಡಿದ್ದಕ್ಕೂ ಅವರು ಬಂದೇ ಅಂದರಂತೆ.

ರಸ್ತೆ ಗದ್ದೆಬಯಲಿಗೆ ಇಳಿಯುವಲ್ಲಿ ಒಂದು ಹುಲ್ಲಿನ ಮೆದೆ. ಚನ್ನಬಸವಯ್ಯ ಏದುಸಿರು ಬಿಡುತ್ತ ತಲುಪಿದಾಗ ಮೆದೆಯಿಂದ ಎರಡು ಕಾಲು ಹೊರಗೆ ಚಾಚಿ, ಇನ್ನೂ ಗಾಳಿಯಲ್ಲಿ ಪೆಡಲು ತುಳಿಯುತ್ತಿದ್ದವು. ಎಳೆದು ಕೂರಿಸಿದರೆ ಮಹಾದೇವಯ್ಯ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಮೀಸೆ ತುಂಬ ಹುಲ್ಲು.

“ನಿಲ್ಲಾದಿಲ್ಲ ಕಣ್ರೀ ಇದು,” ಎಂದರು, ತಾವೇ ಕಂಡುಹಿಡಿದವರಂತೆ.

ಆದರೆ ಬಂದೇ ಅಂದಮೇಲೆ ಹೋಗಲೇಬೇಕು. ಇಬ್ಬರೂ ಸೈಕಲ್ಲು ತಳ್ಳಿಕೊಂಡು ಏರು ಹತ್ತಿದರು. ರೈಟರ್ ಮನೆಯಲ್ಲಿ ಕಾಫಿ. ಸರೋಜಮ್ಮನವರಲ್ಲಿ ಕಾಫಿ, ಜೊತೆಗೆ ಅಕ್ಕಿರೊಟ್ಟಿ. ಹೋದಲ್ಲೆಲ್ಲ ಆಕ್ಷೇಪಣೆ, ಮತ್ತು ಹೋದಲ್ಲೆಲ್ಲ ಸೈಕಲ್ಲಿನ ಪರವಾಗಿ ವಕಾಲತ್ತು ಮಹಾದೇವಯ್ಯನವರದೇ. ಜವರಯ್ಯನ ಗೇಟಿಗೆ ಬರುವ ಹೊತ್ತಿಗೆ ಇಬ್ಬರ ಮೈಯಲ್ಲೂ ಹರಿಯುತ್ತಿದ್ದದ್ದು ರಕ್ತವೋ ಕಾಫಿಯೋ ಹೇಳುವುದು ಕಷ್ಟವಿತ್ತು. ಜವರಯ್ಯ ಲೋಟ ಹಿಡಿದು ಮುಖ ಬಿಗಿದು ನಿಂತಿದ್ದ.

“ಅದ್ ನಿಲ್ಲಾದಿಲ್ಲ ಕಣೋ ಮಾರಾಯ, ವೆಲ್ಡಿಂಗ್ ಹೊಡ್ಸವ್ರೆ,” ಎಂದರು ಮಹಾದೇವಯ್ಯ.

“ಮನಸ್ಸಿದ್ರೆ ಜೆಸಿಬಿನೂ ನಿಲ್ತದೆ ಅಂತ ಮೊನ್ನೆ ಇಲ್ಲೇ ಕೂತ್ಕೊಂಡು ಹೇಳುದ್ರಲ್ಲ, ಮಾದೇವಯ್ನೋರೇ?”

ಮಹಾದೇವಯ್ಯ ಲೋಟ ಇಸಿದುಕೊಂಡು ಕುಡಿದರು. ಆಮೇಲೆ ಉಳಿದ ಏರನ್ನು ಹತ್ತುವಾಗ ಸೈಕಲ್ಲಿನ ಹ್ಯಾಂಡಲ್ಲು ತಾವೇ ಹಿಡಿದಿದ್ದರು, ಚನ್ನಬಸವಯ್ಯನವರಿಗೆ ಕೊಡಲಿಲ್ಲ. ಮನೆ ಮುಂದೆ ಬಂದು, ಗೇಟಿನೊಳಗೆ ಮೊದಲು ತಾವು ಹೋಗಿ, ತಿರುಗಿ ರಸ್ತೆಯಲ್ಲಿದ್ದ ಚನ್ನಬಸವಯ್ಯನವರನ್ನು ಶಾಸ್ತ್ರೋಕ್ತವಾಗಿ ಕರೆದರು.

“ಬೀಗ್ರೇ, ಒಂದು ಲೋಟ ಕಾಫಿ ಕುಡ್ಕೊಂಡು ಹೋಗಿ.”

ಚನ್ನಬಸವಯ್ಯನವರ ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಆದರೂ ನಿಂತರು, ಕಾಲೂ ಅಲುಗಾಡಿಸದೆ, ನೆಟ್ಟ ಸಿಲ್ವರ್ ಓಕ್ ಮರದ ಹಾಗೆ ನಿಂತರು. ಒಳಗೆ ಹೋಗಿ ಲೋಟ ಬರಿದು ಮಾಡಿದರು. ಕಿಟಕಿಯಾಚೆ ಮೋಹಿತ್ ಆಗಲೇ ತನುಜಾಳಿಗೆ ಫೋನ್ ಹಚ್ಚಿದ್ದ.

ನಿಶ್ಚಿತಾರ್ಥ ಬರುವ ಸೋಮವಾರವೆಂದಾಯಿತು. ಮಹಾದೇವಯ್ಯ ಒಂದೇ ಒಂದು ಷರತ್ತು ಹಾಕಿದರು: ಅಷ್ಟರೊಳಗೆ ತಮಗೂ ಅಂಥದ್ದೊಂದು ಕೆಂಪು ಸೈಕಲ್ಲು ಕಟ್ಟಿಕೊಡಬೇಕು. ಬ್ರೇಕು ಇರಲಿ ಎಂದು ಹೆಂಗಸರು ಒಳಗಿನಿಂದ ಹೇಳಿದರು. ಅದಕ್ಕೂ ಬೀಗರಿಬ್ಬರೂ ಒಪ್ಪಿದರು, ಆದರೆ ಸ್ವಲ್ಪ ತಡೆದು.

ಈಗ ಆ ರಸ್ತೆಯವರು ಇಳಿಯುವವರಿಗೆ ಬರೀ ಕೈ ಬೀಸುತ್ತಾರೆ. ಕಾಫಿಗೆ ಕರೆಯುವುದೇನಿದ್ದರೂ ಹತ್ತುವವರನ್ನು.