ಜಯಮಾಲಾ ಆರಿಸಿದ ಮಾನಿಟರ್

ಮದುವೆ ಅಲ್ಬಮ್ ಮಾಡುವುದರಲ್ಲಿ ಮಸೂತಿ ಎಂಬ ಊರಿನ ಜಯಮಾಲಾಳ ಕೈ ಪಳಗಿತ್ತು. ಫೋಟೋ ಸ್ಟುಡಿಯೋದವರು ತೆಗೆದ ಎರಡು ಮೂರು ಸಾವಿರ ಚಿತ್ರಗಳಲ್ಲಿ ಒಳ್ಳೆಯವನ್ನು ಹೆಕ್ಕಿ, ಬಣ್ಣ ತಿದ್ದಿ, ಪುಟಕ್ಕೆ ಹೊಂದಿಸಿ ಕೊಡುವುದು ಅವಳ ಕೆಲಸ. ಗಂಡ ಅನೀಲಕುಮಾರ ಊರಲ್ಲೇ ಗೊಬ್ಬರದ ಅಂಗಡಿ ಇಟ್ಟಿದ್ದ. ಹೊಲ, ಮನೆ ಎಲ್ಲ ಅನುಕೂಲವಾಗಿತ್ತು. ಸೊಸೆ ದುಡಿಯಲೇಬೇಕೆಂದೇನೂ ಇರಲಿಲ್ಲ. ಮನೆಯೊಳಗೆ ಕೂತು ಮಾಡುವ ಕೆಲಸ ಅಂತ ಅತ್ತೆ ಸುಮಿತ್ರಾಬಾಯಿ ಒಪ್ಪಿದ್ದರು.

ಆದರೆ ಅವಳ ಹಳೆಯ ಲ್ಯಾಪ್‌ಟಾಪಿನ ಪರದೆಯನ್ನು ನಂಬುವಂತಿರಲಿಲ್ಲ. ತಲೆ ಒಂದಿಷ್ಟು ಆಚೆ ಈಚೆ ಆದರೆ ಬಣ್ಣವೇ ಬೇರೆ. ಒಮ್ಮೆ ಅರಿಷಿಣದ ಶಾಸ್ತ್ರದ ಚಿತ್ರಗಳು ಪೇಲವವಾಗಿ ಕಂಡವೆಂದು ಹಳದಿ ಏರಿಸಿದಳು. ಅಲ್ಬಮ್ ಅಚ್ಚಾಗಿ ಬಂದಾಗ ಮದುಮಗಳು ಕಾಮಾಲೆ ಹಿಡಿದವಳಂತೆ ಕಾಣುತ್ತಿದ್ದಳು. ಹುಡುಗಿಯ ತಾಯಿ ಸ್ಟುಡಿಯೋದಲ್ಲೇ ಕೂತು ಅತ್ತಿದ್ದಳು. ಅಂದಿನಿಂದ ಜಯಮಾಲಾ ಮಂಗಳವಾರ ಮತ್ತು ಶುಕ್ರವಾರ ಬಸವನ ಬಾಗೇವಾಡಿಯ ಸ್ಟುಡಿಯೋಕ್ಕೆ ಹೋಗಿ, ಅಲ್ಲಿನ ದೊಡ್ಡ ಪರದೆಯ ಮೇಲೆ ಬಣ್ಣ ನೋಡಿಯೇ ಪುಟಗಳನ್ನು ಅಚ್ಚಿಗೆ ಕಳಿಸುತ್ತಿದ್ದಳು.

ಬಣ್ಣ ನೋಡಲು ಒಂದು ತಾಸು ಸಾಕಾಗುತ್ತಿತ್ತು. ಅವಳು ಸಂಜೆತನಕ ಇರುತ್ತಿದ್ದಳು. ಅಲ್ಲಿ ಕೆಲಸ ಮಾಡುವ ದಾನೇಶ್ವರಿ ಅವಳ ವಯಸ್ಸಿನವಳೇ. ಇಬ್ಬರೂ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಹಂಚಿಕೊಂಡು, ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು. ಊಟವಾದ ಮೇಲೆ ಪ್ಯಾಟಿಯಲ್ಲಿ ಸುಮ್ಮನೆ ಒಂದು ಸುತ್ತು ಹಾಕುತ್ತಿದ್ದರು. ಆ ಊರಲ್ಲಿ ಜಯಮಾಲಾಳನ್ನು ಯಾರ ಸೊಸೆ ಎಂದು ಯಾರೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಮಾತ್ರ, ಎಲ್ಲದಕ್ಕೂ ಬಣ್ಣದ್ದೇ ನೆಪ ಹೇಳಿದ್ದಳು.

ಒಂದು ದಿನ ಊಟಕ್ಕೆ ಕೂತ ಅನೀಲಕುಮಾರ ಹೇಳಿದ, “ಬಿಸಲಾಗ ಬಸ್ಸಿಗೆ ಯಾಕ ಒದ್ದಾಡ್ತಿ? ಛಲೋ ಮಾನಿಟರ್ ಒಂದು ಮನಿಗೇ ತರೂಣು. ಹೋಗೂದು ಬರೂದು ತಪ್ಪತೈತಿ.”

ಸುಮಿತ್ರಾಬಾಯಿಯ ಮುಖ ಅರಳಿತು. “ಪುಣ್ಯಾ ಮಾಡೀ ನೋಡವಾ. ಯಾ ಗಂಡ ಇಷ್ಟ ಕಾಳಜಿ ಮಾಡ್ತಾನ?”

ಜಯಮಾಲಾಗೆ ಬೇಡ ಎನ್ನಲು ಕಾರಣವಿರಲಿಲ್ಲ. “ನಾನ ಬಂದು ಕಣ್ಣಿಲೆ ನೋಡಿ ಆರಿಸ್ತೇನ್ರಿ. ಹಂಗ ತಂದ್ರ ಆಗೂದಿಲ್ಲ,” ಎಂದಷ್ಟೇ ಹೇಳಿದಳು.

ಮರುವಾರ ಇಬ್ಬರೂ ವಿಜಯಪುರಕ್ಕೆ ಹೋದರು. ಕಂಪ್ಯೂಟರ್ ಅಂಗಡಿಯ ಶಮಶುದ್ದೀನ ಮೊದಲು ಬಾಗಿದ ಪರದೆಯ ದೊಡ್ಡದೊಂದನ್ನು ಹಚ್ಚಿದ. ಅನೀಲಕುಮಾರ ಬೆರಗಾಗಿ, “ಇದನ್ನ ತಗೋಳೂಣೇನು?” ಎಂದ. ಜಯಮಾಲಾ ಚೀಲದಿಂದ ಪೆನ್‌ಡ್ರೈವ್ ಮತ್ತು ಅಚ್ಚಾದ ಒಂದು ಅಲ್ಬಮ್ ಹಾಳೆ ತೆಗೆದಳು. ಅದೇ ಚಿತ್ರವನ್ನು ಪರದೆಗೆ ತರಿಸಿ, ಪಕ್ಕದಲ್ಲಿ ಹಾಳೆ ಹಿಡಿದಳು. ಮದುಮಗಳ ಸೀರೆಯ ಕೆಂಪು ಸೆರಗು ಪರದೆಯಲ್ಲಿ ಬೆಂಕಿಯಂತೆ ಉರಿಯುತ್ತಿತ್ತು.

“ಇದು ಕಂಪ್ಯೂಟರ್ ಆಟ ಆಡಾವ್ರಿಗೆ ಛಲೋರಿ. ಬಣ್ಣಾ ಸುಳ್ಳ ಹೇಳ್ತೈತಿ,” ಎಂದಳು.

ಎರಡನೆಯದರ ಪರದೆ ಕನ್ನಡಿಯಂತೆ ಮಿರುಗುತ್ತಿತ್ತು. ಮದುಮಗಳ ಮುಖದ ಮೇಲೆ ಅಂಗಡಿಯ ಟ್ಯೂಬ್‌ಲೈಟೇ ಅಡ್ಡ ಮಲಗಿತ್ತು. ಬಗ್ಗಿ ಓರೆಯಿಂದ ನೋಡಿದರೆ ಹಸಿರು ಬಳೆಗಳು ಬೂದುಬಣ್ಣವಾದವು. ಶಮಶುದ್ದೀನ ಈಗ ಮಾತು ಕಡಿಮೆ ಮಾಡಿ, ಅವಳು ನೋಡುವುದನ್ನೇ ನೋಡತೊಡಗಿದ್ದ. ಒಳಗೆ ಹೋಗಿ ಇಪ್ಪತ್ತೇಳು ಇಂಚಿನ ಇನ್ನೊಂದು ತಂದ. “ಬಣ್ಣದ ಕೆಲಸಕ್ಕಂತನ ಮಾಡಿದ್ದು ಇದು. ನೋಡ್ರಿ ಅಕ್ಕಾರ.”

ಅದರ ಮೈ ಮಿರುಗುತ್ತಿರಲಿಲ್ಲ. ಜಯಮಾಲಾ ಎಡಕ್ಕೆ ನಿಂತು ನೋಡಿದಳು, ಬಲಕ್ಕೆ ಹೋಗಿ ನೋಡಿದಳು, ಕೂತು ನೋಡಿದಳು. ಅರಿಷಿಣ ಅರಿಷಿಣದ ಹಾಗೇ ಇತ್ತು. ಹುಡುಗಿಯ ಕೆನ್ನೆಯ ನಸುಗಪ್ಪು, ಹಣೆಯ ಬೆವರು, ಎಲ್ಲವೂ ಹಾಳೆಯಲ್ಲಿದ್ದಂತೆಯೇ ಇದ್ದವು. ಸ್ಟುಡಿಯೋದ ಪರದೆಗಿಂತ ಇದೇ ಮೇಲು.

ಅವಳು ಹಾಳೆಯನ್ನು ಚೀಲಕ್ಕೆ ಹಾಕಿದಳು. ಸರಿಯಿಲ್ಲ ಎಂದರೆ ಇಬ್ಬರೂ ಬರಿಗೈಲಿ ಮನೆಗೆ ಹೋಗುತ್ತಾರೆ. ಬಣ್ಣದ ವಿಷಯ ಗಂಡನಿಗೆ ತಿಳಿಯುವುದಿಲ್ಲ. ಶುಕ್ರವಾರ ಎಂದಿನಂತೆ ಬಾಗೇವಾಡಿ.

“ಇದೂ ಬ್ಯಾಡೇನ್ರಿ?” ಶಮಶುದ್ದೀನ ಕೇಳಿದ.

ಬ್ಯಾಡ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಳುತ್ತ ಕೂತಿದ್ದ ಆ ತಾಯಿ ಕಣ್ಣಮುಂದೆ ಬಂದಳು. ಇಷ್ಟು ನಿಜ ತೋರಿಸುವ ಪರದೆಯ ಮುಂದೆ ನಿಂತು ಸುಳ್ಳು ಹೇಳಲು ಅವಳಿಂದಾಗಲಿಲ್ಲ.

“ಇದ ಸರಿ ಐತ್ರಿ,” ಎಂದಳು.

ಬರುವಾಗ ಬಸ್ಸಿನಲ್ಲಿ ಡಬ್ಬಿಯನ್ನು ಅನೀಲಕುಮಾರ ತೊಡೆಯ ಮೇಲೆ ಮಗುವಿನ ಹಾಗೆ ಹಿಡಿದು ಕೂತಿದ್ದ. ಕಿಟಕಿಯಾಚೆ ನೋಡುತ್ತಲೇ ಜಯಮಾಲಾ ಹೇಳಿದಳು, “ಆದ್ರೂ ಶುಕ್ರವಾರಕ್ಕೊಮ್ಮೆ ಸ್ಟುಡಿಯೋಕ್ಕ ಹೋಗಿ ಬರ್ತೇನ್ರಿ.”

ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. “ಯಾಕ? ಅಲ್ಲಿ ಇನ್ನೇನ ಕೆಲಸ ಐತಿ?”

ಇಷ್ಟು ವರ್ಷ ಬಣ್ಣ ಬಿಟ್ಟು ಬೇರೆ ಕಾರಣ ಹೇಳಿರಲಿಲ್ಲ. “ಏನಿಲ್ಲ ಬಿಡ್ರಿ,” ಎಂದು ಜಾರುತ್ತಿದ್ದ ಡಬ್ಬಿಗೆ ಕೈ ಕೊಟ್ಟಳು.

ಮಾನಿಟರನ್ನು ಅಡುಗೆಮನೆಗೆ ಹೊಂದಿಕೊಂಡ ಕೋಣೆಯಲ್ಲಿ ಇಟ್ಟರು. ಪರದೆಯ ಮೇಲೆ ಬೆಳಕು ಬೀಳಬಾರದೆಂದು ಅವಳೇ ಕಿಟಕಿಗೆ ದಪ್ಪ ಬಟ್ಟೆ ಹಾಕಿದಳು. ಕೆಲಸ ಹೆಚ್ಚಾಯಿತು. ಬಣ್ಣ ಪಕ್ಕಾ ಇರುತ್ತದೆಂಬ ಹೆಸರು ಹಬ್ಬಿ ಸಿಂದಗಿ, ಇಂಡಿ, ಮುದ್ದೇಬಿಹಾಳದಿಂದಲೂ ಚಿತ್ರಗಳು ಬಂದವು. ಎಲ್ಲವೂ ಇಂಟರ್‌ನೆಟ್ಟಿನಲ್ಲೇ ಬಂದು, ಇಂಟರ್‌ನೆಟ್ಟಿನಲ್ಲೇ ಹೋಗುತ್ತಿದ್ದವು. ಅತ್ತೆ ಬಂದವರಿಗೆಲ್ಲ ಪರದೆ ತೋರಿಸಿ, “ನಮ್ಮ ಸೊಸಿ ಹೊಸ್ತಿಲಾ ದಾಟೂದಿಲ್ಲ, ನಾಕ ತಾಲೂಕಿನ ಕೆಲಸ ಮಾಡ್ತಾಳ,” ಎನ್ನುತ್ತಿದ್ದರು. ದಾನೇಶ್ವರಿ ಮೊದಮೊದಲು ಊಟದ ಹೊತ್ತಿಗೆ ಫೋನ್ ಮಾಡುತ್ತಿದ್ದಳು. ಅಡುಗೆಮನೆಯಲ್ಲಿ ಅತ್ತೆ ಇರುತ್ತಿದ್ದುದರಿಂದ ಜಯಮಾಲಾ ಹೂಂ, ಉಹೂಂ ಎನ್ನುವುದರಲ್ಲೇ ಮಾತು ಮುಗಿಯುತ್ತಿತ್ತು. ಬರಬರುತ್ತ ಫೋನು ಕಡಿಮೆಯಾಯಿತು.

ಆಷಾಢದಲ್ಲಿ ಮದುವೆಗಳು ನಿಂತು ಕೈ ಬಿಡುವಾದಾಗ, ಒಂದು ಮಧ್ಯಾಹ್ನ ಗಂಡನಿಗೆ ಬಡಿಸುತ್ತ ಕೇಳಿಯೇಬಿಟ್ಟಳು. “ನನಗ ಬಾಗೇವಾಡಿಗೆ ಹೋಗಬೇಕು ಅನಸಾಕತ್ತೈತ್ರಿ. ಕೆಲಸಕ್ಕಲ್ಲ. ಸುಮ್ನ.”

“ಸುಮ್ನ?” ಅನೀಲಕುಮಾರ ತುತ್ತು ಹಿಡಿದು ತಾಯಿಯ ಕಡೆ ನೋಡಿದ.

“ಎಲ್ಲಾ ಮನ್ಯಾಗ ತಂದ ಇಟ್ಟಾನಲ್ಲವಾ,” ಎಂದರು ಸುಮಿತ್ರಾಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ. “ಇನ್ನೇನ ಬೇಕು?”

“ನೋಡೂಣು, ಶ್ರಾವಣ ಕಳೀಲಿ,” ಎಂದು ಅನೀಲಕುಮಾರ ಮಾತು ಮುಗಿಸಿ ಮಜ್ಜಿಗೆ ಕೇಳಿದ. ಶ್ರಾವಣ ಕಳೆಯಿತು. ಅವನಿಗೆ ಆ ಮಾತು ಮರೆತುಹೋಗಿತ್ತು. ಗಣಪತಿ ಹಬ್ಬದ ಮರುದಿನ ಅವಳು ಮತ್ತೆ ಕೇಳಿದಳು, “ಬಾಗೇವಾಡಿಗೆ ಯಾವಾಗ ಹೋಗಲ್ರಿ?”